ನಮ್ಮ ಅಜ್ಜನ ಅರ್ಜಿಗಳು

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



‘ಗಡಿನಾಡಿನ ಸಾಹಿತ್ಯ ಪರಂಪರೆ’ ಎಂಬ ವಿಷಯವಾಗಿ ಎರಡು ಮಾತುಗಳನ್ನಾಡಬೇಕೆಂದು ಸಂಘದ ಕಾರ್ಯದರ್ಶಿಗಳು ನಮಗೆ ಅಪ್ಪಣೆ ಮಾಡಿದ್ದರು. ವಿಷಯವು ದೊಡ್ಡದು. ಕುಂಬಳೆಯ ಪಾರ್ತಿಸುಬ್ಬನಿಂದ ತೊಡಗಿ, ಮಂಜೇಶ್ವರದ ಗೋವಿಂದ ಪೈಗಳನ್ನು ನೆನೆದು, ಪೆರಡಾಲದ ಕಯ್ಯಾರ ಕಿಞ್ಞಣ್ಣ ರೈಗಳವರೆಗೆ ಹೇಳುತ್ತ ಹೋದರೆ ಒಂದು ರಾತ್ರಿ ಸಾಲದು. ನಾವು ಟಿಪ್ಪಣಿಗಳನ್ನು ಸಿದ್ಧಪಡಿಸಿಕೊಂಡೂ ಇದ್ದೆವು. ಆದರೆ ನಿನ್ನೆಯ ದಿನ ಆ ಟಿಪ್ಪಣಿಗಳನ್ನು ಮತ್ತೊಮ್ಮೆ ಓದಿದಾಗ, ಅವುಗಳಲ್ಲಿರುವುದೆಲ್ಲ ತಾವು ಹಲವು ಸಲ ಕೇಳಿರುವ ಸಂಗತಿಗಳೇ ಎಂದು ತೋರಿತು. ಆದುದರಿಂದ ಕಾರ್ಯದರ್ಶಿಗಳ ಕ್ಷಮೆ ಬೇಡಿ, ಯಾವ ಸಾಹಿತ್ಯ ಚರಿತ್ರೆಯಲ್ಲಿಯೂ ಹೆಸರಿಲ್ಲದ ಒಬ್ಬರನ್ನು ಕುರಿತು ಮಾತಾಡಲು ತಮ್ಮ ಅನುಮತಿಯನ್ನು ಕೋರುತ್ತೇವೆ. ಅವರು ನಮ್ಮ ಅಜ್ಜ.

ಅಜ್ಜ 2024ರ ಆಟಿ ತಿಂಗಳಲ್ಲಿ, ಮಳೆ ಬಿಡದೆ ಹೊಡೆಯುತ್ತಿದ್ದ ಒಂದು ಬೆಳಗಿನ ಜಾವದಲ್ಲಿ ತೀರಿಕೊಂಡರು. ಆಗ ಅವರಿಗೆ 91 ವರುಷ. ಈ ಸಭೆಯಲ್ಲಿರುವ ಹಿರಿಯರಲ್ಲಿ ಕೆಲವರಿಗೆ ಅವರ ಮುಖ ನೆನಪಿರಬಹುದು. ಮುಖ ನೆನಪಿಲ್ಲದಿದ್ದರೂ ಕೈಬರಹವು ತಮ್ಮ ಮನೆಯ ಪೆಟ್ಟಿಗೆಗಳಲ್ಲಿ ಇದ್ದೇ ಇರಬೇಕು. ಏಕೆಂದರೆ ಶಿರಿಯಾ ಹೊಳೆಗೆ ಇಳಿಯುವ ನಮ್ಮ ಗುಡ್ಡಗಳ ಸುತ್ತಿನಲ್ಲಿ ಸುಮಾರು ನಲವತ್ತು ವರುಷ ಕಾಲ ಯಾರಿಗೆ ಸರಕಾರದಿಂದ ಏನು ಬೇಕಾದರೂ ಅವರು ಮೊದಲು ಬರುತ್ತಿದ್ದುದು ನಮ್ಮ ಮನೆಯ ಚಾವಡಿಗೆ. ‘ಅರ್ಜಿಯ ಅಜ್ಜ’ ಎಂದು ಊರಿನವರು ಕರೆಯುತ್ತಿದ್ದರು. ಬರೆದುದಕ್ಕೆ ಹಣ ತೆಗೆದುಕೊಂಡವರಲ್ಲ. ಯಾರಾದರೂ ಬಾಳೆಗೊನೆಯನ್ನೋ ಒಂದಷ್ಟು ಗೆಣಸನ್ನೋ ಜಗಲಿಯಲ್ಲಿಟ್ಟು ಹೋದರೆ, ಅದನ್ನು ಹಿಂದಕ್ಕೆ ಕಳುಹಿಸಬೇಕೇ ಬೇಡವೇ ಎಂಬುದು ಅಜ್ಜಿಗೂ ಅವರಿಗೂ ನಡೆಯುತ್ತಿದ್ದ ನಿತ್ಯದ ವ್ಯಾಜ್ಯ. ಅದರಲ್ಲಿ ಗೆಲ್ಲುತ್ತಿದ್ದವರು ಹೆಚ್ಚಾಗಿ ಅಜ್ಜಿ.

ಅವರು ಓದಿದ್ದು ಮದರಾಸು ಪ್ರಾಂತದ ಕಾಲದಲ್ಲಿ, ಕನ್ನಡದ ಹೈಯರ್ ಎಲಿಮೆಂಟರಿ ಶಾಲೆಯಲ್ಲಿ, ಎಂಟನೆಯ ತರಗತಿಯವರೆಗೆ ಮಾತ್ರ. ಮನೆಮಾತು ತುಳು, ಕನ್ನಡವು ಓದಿನ ಮಾತು, ಬರಹದ ಮಾತು, ತಾಳಮದ್ದಳೆಯ ಮಾತು. ನಾವು ವಿದ್ವತ್ ಪರೀಕ್ಷೆಗಾಗಿ ಛಂದಸ್ಸನ್ನು ಕಂಠಪಾಠ ಮಾಡುವುದಕ್ಕೆ ಎಷ್ಟೋ ವರುಷ ಮೊದಲೇ, ಭಾಮಿನಿ ವಾರ್ಧಕಗಳ ನಡಿಗೆ ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಅವರ ಬಾಯಿಯಿಂದ ನಮ್ಮ ಕಿವಿಗೆ ಬಿದ್ದಿತ್ತು. ಮಾತ್ರೆಯ ಲೆಕ್ಕ ಅವರಿಗೆ ತಿಳಿಯದು. ಆದರೆ ಯಾರಾದರೂ ಭಾಗವತರು ಒಂದು ಮಾತ್ರೆ ನುಂಗಿದರೆ ಮೆಟ್ಟುಕತ್ತಿಯ ಮೇಲಿನ ಅವರ ಕೈ ನಿಲ್ಲುತ್ತಿತ್ತು.

ಅಜ್ಜನ ಅರ್ಜಿಗಳ ಸಂಗತಿಗೆ ಬರುವ ಮುನ್ನ ಅವರ ಸುರಂಗದ ಸಂಗತಿಯನ್ನು ಹೇಳಬೇಕು. ಕೊಳವೆಬಾವಿಯನ್ನಷ್ಟೇ ಕಂಡಿರುವ ಮಕ್ಕಳಿಗಾಗಿ ಸ್ವಲ್ಪ ವಿವರಿಸಿ ಹೇಳುತ್ತೇವೆ. ನಮ್ಮ ಕಾಸರಗೋಡಿನ ನೆಲಕ್ಕೆ ವರುಷದಲ್ಲಿ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕ ಮಳೆ ಬೀಳುತ್ತದೆ. ಆದರೆ ಗುಡ್ಡಗಳೆಲ್ಲ ಮುರಕಲ್ಲಿನವು, ಇಳಿಜಾರಿನವು. ನೀರು ಹೊಳೆಯ ದಾರಿ ಹಿಡಿದು ಕಡಲಿಗೆ ಹೋಗುತ್ತದೆ. ಕುಂಭ ಮೀನ ಮಾಸಗಳು ಬಂದಾಗ ತೋಟದ ಸಸಿ ತಲೆ ಬಾಗಿಸುತ್ತದೆ. ಗುಡ್ಡದ ಮೈಯಲ್ಲಿ ಬಾವಿ ತೋಡಿದರೆ ಎಷ್ಟು ಆಳಕ್ಕೆ ನೀರು ಸಿಕ್ಕೀತೆಂಬ ಭರವಸೆ ಇಲ್ಲ. ಆದುದರಿಂದ ನಮ್ಮ ಹಿರಿಯರು ಗುಡ್ಡದ ಒಡಲಿಗೆ ಅಡ್ಡಲಾಗಿ, ಒಬ್ಬ ಮನುಷ್ಯನು ಸ್ವಲ್ಪ ಬಗ್ಗಿ ನಡೆಯುವಷ್ಟು ಎತ್ತರಕ್ಕೆ, ಭುಜ ತಾಗದಷ್ಟು ಅಗಲಕ್ಕೆ, ಒಳಗೊಳಗೆ ತುಸುವೇ ಏರುತ್ತ ಹೋಗುವಂತೆ ಸುರಂಗವನ್ನು ಕೊರೆದರು. ನೀರಿನ ಪದರ ಸಿಕ್ಕಿದರೆ ಅದು ತಾನಾಗಿ ಹೊರಕ್ಕೆ ಹರಿದು ಬರುತ್ತದೆ. ಎತ್ತುವುದೂ ಇಲ್ಲ, ಸೇದುವುದೂ ಇಲ್ಲ.

ಅಜ್ಜ ಮತ್ತು ಅವರ ತಮ್ಮ, ಎಂದರೆ ನಮ್ಮ ಚಿಕ್ಕಜ್ಜ, 1962ರ ಬೇಸಗೆಯಲ್ಲಿ ಮನೆಯ ಹಿಂದಿನ ಗುಡ್ಡಕ್ಕೆ ಪಿಕ್ಕಾಸು ಹಾಕಿದರು. ಮುಂದೆ ಒಬ್ಬರು ಕಡಿಯುವುದು. ಹಿಂದೆ ಒಬ್ಬರು ಮಣ್ಣನ್ನು ಬುಟ್ಟಿಗೆ ತುಂಬಿ ಹೊರಕ್ಕೆ ಹೊರುವುದು. ಹೊರಗೆ ಅಜ್ಜಿ ಆ ಮಣ್ಣನ್ನು ಹರಡಿ ಬಾಳೆ ನೆಡುವ ಜಾಗ ಮಾಡುವುದು. ಕಡಿಯುವವರ ಬಳಿಯಲ್ಲಿ ಒಂದು ಎಣ್ಣೆಯ ದೀಪ ಇರಲೇಬೇಕು. ಅದು ಬೆಳಕಿಗಿಂತ ಹೆಚ್ಚಾಗಿ ಗಾಳಿಯ ಪರೀಕ್ಷೆಗೆ. ದೀಪದ ಕುಡಿ ಸಣ್ಣಗಾದರೆ ಕೆಲಸ ಎಷ್ಟೇ ಇರಲಿ, ಹೊರಗೆ ಬರತಕ್ಕದ್ದು. ಒಂದು ದಿನ ಚಿಕ್ಕಜ್ಜ ಇನ್ನೊಂದೇ ಬುಟ್ಟಿ ಎಂದು ಹಟ ಮಾಡಿದರಂತೆ. ಅಜ್ಜ ಮಾತಾಡದೆ ತಮ್ಮನ ಕಾಲು ಹಿಡಿದು ಎಳೆದುಕೊಂಡೇ ಬಂದರಂತೆ. ಅದರ ಗಾಯದ ಗುರುತನ್ನು ಚಿಕ್ಕಜ್ಜ ಮುದುಕರಾದ ಮೇಲೂ ನಮಗೆ ತೋರಿಸಿ ನಗುತ್ತಿದ್ದರು.

ಸುರಂಗವನ್ನು ಅಳೆಯುವುದು ಕೋಲಿನ ಲೆಕ್ಕದಲ್ಲಿ; ಒಂದು ಕೋಲೆಂದರೆ ಸುಮಾರು ಎರಡೂವರೆ ಅಡಿ. ಮೂವತ್ತನೆಯ ಕೋಲಿಗೆ ಕರಿಬಂಡೆ ಅಡ್ಡ ಬಂದಿತು. ಮಳೆ ಹಿಡಿಯಿತು, ಆ ವರುಷ ಅಲ್ಲಿಗೆ ನಿಂತಿತು. ಮರುವರುಷ ಎಡಕ್ಕೆ ತಿರುಗಿಸಿದರು. ಆ ಬೇಸಗೆಯಿಡೀ ಒಣಮಣ್ಣು. ಸುರಂಗದಲ್ಲಿ ನೀರು ಸಿಗದಿದ್ದರೆ ಹಾಕಿದ ದುಡಿಮೆಗೆ ಗುರುತೆಂದು ಉಳಿಯುವುದು ಬಾವಲಿಗಳಿಗೊಂದು ಮನೆ ಮಾತ್ರ. ಮೂರನೆಯ ಬೇಸಗೆಯಲ್ಲಿ, 58ನೆಯ ಕೋಲಿನಲ್ಲಿ, ಜೇಡಿಮಣ್ಣು ಕೈಗೆ ಅಂಟಿತಂತೆ. ಆಮೇಲೆ ಗೋಡೆ ಬೆವರಿತಂತೆ. ಮರುದಿನ ಕಿರುಬೆರಳಿನ ಗಾತ್ರದ ನೀರು. ಅಡಿಕೆ ಮರದ ದಂಬೆಯಲ್ಲಿ ಅದನ್ನು ಅಂಗಳಕ್ಕೆ ತಂದು ಮಣ್ಣಿನ ಟಾಂಕಿಯಲ್ಲಿ ನಿಲ್ಲಿಸಿದರು. 1964ರಿಂದ ಇಂದಿನವರೆಗೂ ಅದು ನಿಂತಿಲ್ಲ. ಅಜ್ಜನ ಕೊನೆಯ ಗಳಿಗೆಯಲ್ಲಿ ತುಳಸೀದಳದೊಡನೆ ಅವರ ಬಾಯಿಗೆ ಬಿಟ್ಟುದು ಆ ನೀರನ್ನೇ.

ಇಲ್ಲಿ ತಾವು ಗಮನಿಸತಕ್ಕ ವಿಷಯವೊಂದುಂಟು. 1962ರಲ್ಲಿ ಆ ಗುಡ್ಡ ಅಜ್ಜನದಾಗಿರಲಿಲ್ಲ. ಅವರು ಚಾಲಗೇಣಿಯ ಒಕ್ಕಲು. ಗೇಣಿಯ ಅಕ್ಕಿಮುಡಿಯನ್ನು ವರುಷವರುಷವೂ ಧಣಿಗಳ ಮನೆಗೆ ಮುಟ್ಟಿಸಬೇಕು. ಧಣಿಗಳು ಏಳೆಂದರೆ ಏಳಬೇಕು. ಪರರ ನೆಲದಲ್ಲಿ ಮೂರು ಬೇಸಗೆ ಕಡಿಯುವುದು ಮರುಳುತನವೆಂದು ಊರಿನವರು ಬುದ್ಧಿ ಹೇಳಿದರಂತೆ. ಅಜ್ಜ ತುಳುವಿನಲ್ಲಿ ಕೊಟ್ಟ ಉತ್ತರವನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗೆ: ‘ಅಡಿಕೆ ಸಸಿ ನೀರು ಕೇಳುವುದು ಈಗ. ಪಟ್ಟೆ ಯಾರ ಹೆಸರಿನಲ್ಲಿದೆ ಎಂದು ಅದು ಕೇಳುವುದಿಲ್ಲ.’

1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿದ ದಿನ ಅವರು ಏಣೆಲಿನ ಕೊಯ್ಲಿನಲ್ಲಿದ್ದರು. ನಾವು ಚಿಕ್ಕವರಿದ್ದಾಗ, ಆ ದಿನ ಏನೇನಾಯಿತೆಂದು ಆಸೆಯಿಂದ ಕೇಳಿದರೆ, ‘ಗದ್ದೆಯಲ್ಲಿ ಏನೂ ಆಗಲಿಲ್ಲ, ಮಗಾ’ ಎನ್ನುತ್ತಿದ್ದರು. ಆದುದು ಆಮೇಲೆ. ಕಚೇರಿಯಿಂದ ಬರುತ್ತಿದ್ದ ಕಾಗದಗಳ ಅಕ್ಷರ ಮೆಲ್ಲಮೆಲ್ಲಗೆ ಬದಲಾಯಿತು. ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗವು ಮೈಸೂರು ರಾಜ್ಯಕ್ಕೆ ಸೇರತಕ್ಕದ್ದೆಂದು ಮಹಾಜನ ಆಯೋಗವು 1967ರಲ್ಲಿ ಶಿಫಾರಸು ಮಾಡಿದಾಗ, ಅವರೂ ಎಲ್ಲರಂತೆ ಕಾದರು. ಎಲ್ಲರಂತೆ ಕಾಯುವುದನ್ನು ಬಿಟ್ಟರು. ಅದನ್ನು ಕುರಿತು ತಮಗೆ ಹೊಸತಾಗಿ ಹೇಳಬೇಕಾದುದಿಲ್ಲ.

ಆದರೆ ನಮ್ಮ ವೇದಿಕೆಗಳಲ್ಲಿ ಸಾಮಾನ್ಯವಾಗಿ ಯಾರೂ ಹೇಳದ ಒಂದು ಮಾತನ್ನು ಅಜ್ಜ ಹೇಳುತ್ತಿದ್ದರು. ಕೇರಳದ ಭೂಸುಧಾರಣೆಯ ಕಾಯಿದೆ 1963ರದು. ಗೇಣಿಪದ್ಧತಿಯನ್ನು ಕೊನೆಗಾಣಿಸಿದ ಅದರ ಏರ್ಪಾಡು 1970ರ ಜನವರಿ 1ರಿಂದ ನಡೆಗೆ ಬಂದಿತು. ಗಡಿಯ ಆಚೆ, ವಿಟ್ಲದ ಕಡೆಯಲ್ಲಿದ್ದ ಅಜ್ಜನ ಅಕ್ಕನ ಮನೆಯವರಿಗೆ ಅದೇ ಭಾಗ್ಯವು ದೊರೆಯಬೇಕಾದರೆ ಕರ್ನಾಟಕದ 1974ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ‘ನನ್ನನ್ನು ಕೇಳದೆ ನನ್ನ ಊರನ್ನು ಆ ಕಡೆಗೆ ಹಾಕಿದರು, ಅದು ಸರಿಯಲ್ಲ. ಆ ಕಡೆಯವರು ನನಗೆ ನೆಲ ಕೊಟ್ಟರು, ಅದು ಸುಳ್ಳಲ್ಲ’ ಎಂದು ಅವರು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. ಈ ಎರಡು ವಾಕ್ಯಗಳ ನಡುವೆ ‘ಆದರೆ’ ಎಂಬ ಶಬ್ದವನ್ನು ಅವರು ಎಂದೂ ಬಳಸಲಿಲ್ಲವೆಂಬುದನ್ನು ವ್ಯಾಕರಣದ ಉಪಾಧ್ಯಾಯರಾದ ನಾವು ತಡವಾಗಿ ಗಮನಿಸಿದೆವು.

ಅವರು ಅರ್ಜಿ ಬರೆಯತೊಡಗಿದ್ದು ಈ ನೆಲದ ವಿಷಯವಾಗಿಯೇ. ತಮ್ಮ ಅರ್ಜಿಯನ್ನು ತಾವೇ ಕನ್ನಡದಲ್ಲಿ ಬರೆದರು. ಅದನ್ನು ಕಂಡು ನೆರೆಯ ಒಕ್ಕಲುಗಳು ಬಂದರು. ಅವರ ಹಿಂದೆ ವಿಧವಾ ಪಿಂಚಣಿಯವರು, ರೇಷನ್ ಕಾರ್ಡಿನವರು, ಶಾಲೆಗೆ ಕನ್ನಡ ಉಪಾಧ್ಯಾಯರು ಬೇಕೆಂಬವರು ಬಂದರು. ತನ್ನ ಕುಂದುಕೊರತೆಯ ಮನವಿಯನ್ನು ಒಕ್ಕೂಟದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸುವ ಹಕ್ಕು ಪ್ರತಿಯೊಬ್ಬನಿಗೂ ಉಂಟೆಂದು ನಮ್ಮ ಸಂವಿಧಾನದ 350ನೆಯ ವಿಧಿ ಹೇಳುತ್ತದಷ್ಟೆ. ಆ ಅಂಕೆಯನ್ನು ಅಜ್ಜ ಒಂದು ಚೀಟಿಯಲ್ಲಿ ಬರೆದು ಮಸಿಕುಡಿಕೆಯ ಅಡಿಯಲ್ಲಿಟ್ಟಿದ್ದರು. ಅರ್ಜಿಯಲ್ಲಿ ಅದನ್ನು ಕಾಣಿಸುತ್ತಿದ್ದುದು ಮಾತ್ರ ವಿರಳ. ‘ಮೊದಲೇ ಕಾಯಿದೆ ಹೇಳಿದರೆ ಗುಮಾಸ್ತರಿಗೆ ಸಿಟ್ಟು ಬರುತ್ತದೆ; ಎರಡನೆಯ ಸಲಕ್ಕೆ ಇರಲಿ’ ಎಂಬುದು ಅವರ ನೀತಿ.

ಉತ್ತರಗಳು ಮಲಯಾಳದಲ್ಲಿ ಬರುತ್ತಿದ್ದವು. ಮೊದಮೊದಲು ಅವುಗಳನ್ನು ಅಂಗಡಿಯ ಬ್ಯಾರಿಗಳು ಓದಿ ಹೇಳುತ್ತಿದ್ದರು. ಹೀಗೆ ಎಷ್ಟು ದಿನವೆಂದು, ಅಜ್ಜ ತಮ್ಮ ನಲವತ್ತರ ಮೇಲಿನ ವಯಸ್ಸಿನಲ್ಲಿ ಅದೇ ಅಂಗಡಿಯ ಪತ್ರಿಕೆಯ ತುಂಡುಗಳ ಮೇಲೆ ಬೆರಳಿಟ್ಟು, ಬ್ಯಾರಿಗಳಿಂದಲೇ ಮಲಯಾಳದ ಅಕ್ಷರಗಳನ್ನು ಕಲಿತರು. ಪ್ರತಿಯಾಗಿ ಬ್ಯಾರಿಗಳ ಅರ್ಜಿಗಳನ್ನೂ ಅಜ್ಜನೇ ಕನ್ನಡದಲ್ಲಿ ಬರೆದುಕೊಡುತ್ತಿದ್ದರು. ಮಲಯಾಳ ಬಲ್ಲ ಬ್ಯಾರಿಗಳಿಗೆ ಕನ್ನಡದ ಅರ್ಜಿ ಏಕೆಂದು ನಾವು ಒಮ್ಮೆ ಕೇಳಿದೆವು. ‘ಅವರು ಓದಿದ ಶಾಲೆ ಕನ್ನಡದ್ದಲ್ಲವೇ, ಮಗಾ?’ ಎಂದರು. ಓದುವುದಕ್ಕೆ ಎಷ್ಟು ಭಾಷೆಗಳಾದರೂ ಆಗಬಹುದು, ರುಜು ಹಾಕುವ ಕಾಗದ ಮಾತ್ರ ತನಗೆ ಅರ್ಥವಾಗುವ ಭಾಷೆಯಲ್ಲಿರಬೇಕು ಎಂದು ಅವರ ಮತ. ಅದರಲ್ಲಿ ಮಲಯಾಳದ ಮೇಲಿನ ದ್ವೇಷ ಎಳ್ಳಷ್ಟೂ ಇರಲಿಲ್ಲ.

ನಮ್ಮ ಬಾಲ್ಯದ ಸಂಜೆಗಳು ಈ ಅರ್ಜಿಗಳ ನಡುವೆ ಕಳೆದವು. ಕಾರ್ಬನ್ ಕಾಗದವನ್ನು ಹಾಳೆಗಳ ನಡುವೆ ನೆಟ್ಟಗೆ ಇಡುವುದು ನಮ್ಮ ಕೆಲಸ. ಬಂದವರು ತಮ್ಮ ಕಷ್ಟವನ್ನು ತುಳುವಿನಲ್ಲಿ, ಮರಾಟಿಯಲ್ಲಿ, ಹವ್ಯಕ ಕನ್ನಡದಲ್ಲಿ ಅರ್ಧ ಗಂಟೆ ಹೇಳುವರು. ಅಜ್ಜ ಕೇಳುವರು, ಆಮೇಲೆ ಏಳೆಂಟು ಸಾಲು ಬರೆದು ಗಟ್ಟಿಯಾಗಿ ಓದಿ ಹೇಳುವರು. ‘ಹೌದು, ನಾನು ಹೇಳಿದ್ದು ಇದನ್ನೇ’ ಎಂದು ಅವರು ಒಪ್ಪಿದ ಮೇಲೆಯೇ ರುಜು ಅಥವಾ ಹೆಬ್ಬೆರಳು. ಒಪ್ಪದಿದ್ದರೆ ಹಾಳೆ ಹರಿದು ಮತ್ತೆ ಬರೆಯುವರು.

ನಾವು ವಿದ್ವಾನ್ ಪದವಿ ಪಡೆದು ಬಂದ ಹೊಸತರಲ್ಲಿ ಆ ಅರ್ಜಿಗಳ ಭಾಷೆ ನಮಗೆ ನಗೆ ತರಿಸಿತು. ‘ಘನವೆತ್ತ ತಹಶೀಲ್ದಾರ್ ಸಾಹೇಬರ ದಿವ್ಯ ಸನ್ನಿಧಾನಕ್ಕೆ’ ಎಂದು ಆರಂಭ. ಕೊನೆಗೆ ‘ತಮ್ಮ ಆಜ್ಞಾಧಾರಕ ರೈತಾಪಿಗಳು’ ಎಂದು ಮುಕ್ತಾಯ. ರಾಜರ ಕಾಲ ಕಳೆದು ಎಷ್ಟಾಯಿತೆಂದು ನಾವು ಕೆಂಪು ಶಾಯಿಯಲ್ಲಿ ಒಂದು ಪ್ರತಿಯನ್ನು ಪೂರ್ತಿಯಾಗಿ ತಿದ್ದಿ ಅವರ ಮುಂದಿಟ್ಟೆವು. ಅಜ್ಜ ಕನ್ನಡಕ ಹಾಕಿಕೊಂಡು ಎಲ್ಲವನ್ನೂ ಓದಿದರು. ‘ಬಹಳ ಚೆನ್ನಾಗಿದೆ. ಇದರಿಂದ ಆ ಹೆಂಗಸಿಗೆ ಪಿಂಚಣಿ ಬೇಗ ಬರುತ್ತದೆಯೇ?’ ಎಂದು ಕೇಳಿದರು. ವ್ಯಂಗ್ಯವಾಗಿ ಅಲ್ಲ, ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಇನ್ನು ಹೇಳತಕ್ಕದ್ದು ನಮ್ಮ ತಪ್ಪಿನ ಸಂಗತಿ. ಅದನ್ನು ಹೇಳುವುದಕ್ಕಾಗಿಯೇ ಸಾಹಿತ್ಯ ಪರಂಪರೆಯನ್ನು ಬದಿಗಿಟ್ಟೆವೆಂದು ತಾವು ತಿಳಿಯಬಹುದು.

ಅಜ್ಜನ ಉತ್ತರಕ್ರಿಯೆಗಳು ಮುಗಿದ ಮೇಲೆ ಮರಣ ಪತ್ರಕ್ಕಾಗಿ ನಾವು ಕಚೇರಿಗೆ ಹೋದೆವು. ಅಲ್ಲಿದ್ದವರು ಸಜ್ಜನರು, ನಮ್ಮನ್ನು ಕುಳ್ಳಿರಿಸಿ ಮಾತಾಡಿಸಿದರು. ಕನ್ನಡದ ನಮೂನೆಯೂ ಇದೆ, ಹುಡುಕಿ ಇಡುತ್ತೇವೆ, ಎರಡು ದಿನ ಬಿಟ್ಟು ಬನ್ನಿ ಎಂದರು. ನಮಗೆ ರಜೆ ಇದ್ದುದು ಅದೊಂದೇ ದಿನ. ಶಾಲೆಯಲ್ಲಿ ಪರೀಕ್ಷೆ ಸಮೀಪಿಸಿತ್ತು. ಮಲಯಾಳದ ನಮೂನೆಯನ್ನೇ ತೆಗೆದುಕೊಂಡೆವು. ಮಲಯಾಳ ಬರೆಯುವುದರಲ್ಲಿ ನಮ್ಮ ಕೈ ಅಷ್ಟಕ್ಕಷ್ಟೆ. ಪಕ್ಕದಲ್ಲಿ ನಿಂತಿದ್ದ ಒಬ್ಬರು ಉಪಕಾರ ಮಾಡಿ ಬರೆದುಕೊಟ್ಟರು. ನಾವು ರುಜು ಹಾಕಿದೆವು. ಓದಲಿಲ್ಲ. ಓದಿಸಿ ಕೇಳಲೂ ಇಲ್ಲ. ಅಜ್ಜನ ಚಾವಡಿಯಲ್ಲಿ ಕಾರ್ಬನ್ ಕಾಗದ ಹಿಡಿದು ಬೆಳೆದ ನಾವು, ಅಜ್ಜನದೇ ಕಾಗದಕ್ಕೆ, ಓದದೆ ರುಜು ಹಾಕಿದೆವು.

ಪತ್ರ ಬಂದಾಗ ಅಜ್ಜನ ಹೆಸರಿನ ಕೊನೆಯಲ್ಲಿ ಒಂದು ನಕಾರವಿತ್ತು. ಅಕಾರದಲ್ಲಿ ಕೊನೆಯಾಗುವ ನಮ್ಮ ಕಡೆಯ ಗಂಡಸರ ಹೆಸರುಗಳು ಮಲಯಾಳದ ಕಾಗದವನ್ನು ಹೊಕ್ಕಾಗ ಈ ನಕಾರವನ್ನು ತೊಟ್ಟು ಹೊರಬರುವುದು ತಮಗೆಲ್ಲ ಗೊತ್ತಿರುವ ವಿಷಯ. ಬರೆದುಕೊಟ್ಟವರು ತಮ್ಮ ಭಾಷೆಯ ರೂಢಿಯಂತೆ ಬರೆದಿದ್ದರು; ಅವರದು ತಪ್ಪಲ್ಲ. 91 ವರುಷ ಇಲ್ಲದಿದ್ದ ಅಕ್ಷರವೊಂದು ಅವರ ಹೆಸರಿಗೆ ಸತ್ತ ಮೇಲೆ ಅಂಟಿತು. ಅಂಟಿಸಿದವರು ಕನ್ನಡ ವಿದ್ವಾಂಸರಾದ ಮೊಮ್ಮಗ. ತೀರ್ವೆ ರಶೀದಿಯಲ್ಲಿರುವ ಹೆಸರೂ ಮರಣ ಪತ್ರದ ಹೆಸರೂ ಬೇರೆಯಾದುದರಿಂದ ನೆಲದ ಖಾತೆಯ ಕೆಲಸವೂ ನಿಂತಿತು. ಅದಕ್ಕಿಂತಲೂ ಅಜ್ಜಿ ಕೇಳಿದ ಪ್ರಶ್ನೆ ನಮ್ಮನ್ನು ಹೆಚ್ಚು ನೋಯಿಸಿತು. ಪತ್ರವನ್ನು ಓದಿ ಹೇಳೆಂದರು, ಹೇಳಿದೆವು. ‘ಅದು ಯಾರು?’ ಎಂದರು.

ಆ ರಾತ್ರಿ ಅಜ್ಜನ ಮರದ ಪೆಟ್ಟಿಗೆಯನ್ನು ತೆರೆದೆವು. ಪ್ರತಿಗಳನ್ನೆಲ್ಲ ವರುಷವಾರು ಬಾಳೆನಾರಿನಲ್ಲಿ ಕಟ್ಟಿಟ್ಟಿದ್ದರು. 1978ರ ಕಟ್ಟಿನಲ್ಲಿ ನೆರೆಮನೆಯವರೊಬ್ಬರ ಪರವಾಗಿ ಬರೆದ ಅರ್ಜಿ ಸಿಕ್ಕಿತು. ವಿಷಯ: ತೀರಿಹೋದ ತಂದೆಯ ಹೆಸರಿಗೆ ಸೇರಿದ ನಕಾರವನ್ನು ತೆಗೆಯಿಸುವುದು. ಒಟ್ಟು ಏಳು ಸಾಲು. ‘ಮೃತರು ಜೀವಿಸಿದ್ದ ಕಾಲದಲ್ಲಿ ಈ ಹೆಸರಿನಿಂದ ಕರೆದರೆ ಓಗೊಡುತ್ತಿರಲಿಲ್ಲವಾದ ಕಾರಣ’ ಎಂದು ಅದರಲ್ಲಿ ಒಂದು ವಾಕ್ಯವಿದೆ. ನಾವು ಇಪ್ಪತ್ತು ವರುಷ ಪ್ರಬಂಧ ರಚನೆಯನ್ನು ಕಲಿಸಿದ್ದೇವೆ. ಅಂತಹ ವಾಕ್ಯವೊಂದು ನಮ್ಮಿಂದ ಬಂದಿಲ್ಲ.

ಆ ಅರ್ಜಿಯನ್ನೇ ನೋಡಿ, ಹೆಸರು ದಿನಾಂಕಗಳನ್ನಷ್ಟೇ ಬದಲಿಸಿ, ಬರೆದೆವು. ‘ದಿವ್ಯ ಸನ್ನಿಧಾನಕ್ಕೆ’ ಎಂಬುದನ್ನೂ ಬಿಡಲಿಲ್ಲ. ಅಜ್ಜಿಗೆ ಓದಿ ಹೇಳಿದೆವು. ಹೌದೆಂದ ಮೇಲೆ ಅವರ ಹೆಬ್ಬೆರಳನ್ನು ಒತ್ತಿಸಿದೆವು. 350ನೆಯ ವಿಧಿಯನ್ನು ಕಾಣಿಸಲಿಲ್ಲ. ಎರಡನೆಯ ಸಲಕ್ಕೆ ಇರಲಿ ಎಂದುಕೊಂಡೆವು.

ಎರಡನೆಯ ಸಲ ಬೇಕಾಗಲಿಲ್ಲ. ಮೂರು ತಿಂಗಳಾದ ಮೇಲೆ ಉತ್ತರ ಬಂದಿತು, ಕನ್ನಡದಲ್ಲಿ. ಹೆಸರು ಸರಿಯಾಗಿತ್ತು. ಐದು ಸಾಲಿನ ಆ ಪತ್ರದಲ್ಲಿ ಎರಡು ಕಡೆ ಅಲ್ಪಪ್ರಾಣವಿರಬೇಕಾದಲ್ಲಿ ಮಹಾಪ್ರಾಣವಿತ್ತು. ನಮ್ಮ ಕೈ ಅಭ್ಯಾಸಬಲದಿಂದ ಜೇಬಿನಲ್ಲಿದ್ದ ಕೆಂಪು ಲೇಖಣಿಯತ್ತ ಹೋದುದೂ ಉಂಟು. ಯಾರೋ ಒಬ್ಬರು ಗುಮಾಸ್ತರು, ಕನ್ನಡವನ್ನು ಬಹುಶಃ ಅರ್ಧ ಮರೆತವರು, ಕುಳಿತು ಬರೆದಿದ್ದರು. ತಿದ್ದಲಿಲ್ಲ. ಹಾಗೆಯೇ ಅಜ್ಜನ ಪೆಟ್ಟಿಗೆಯಲ್ಲಿ, 2024ರ ಕಟ್ಟಿನಲ್ಲಿ, ಇಟ್ಟಿದ್ದೇವೆ.

ಕೊನೆಯದಾಗಿ ತಮ್ಮಲ್ಲಿ ಒಂದು ವಿಜ್ಞಾಪನೆ. ತಮ್ಮ ಮನೆಗಳಲ್ಲಿ ಗೇಣಿಚೀಟಿ, ತೀರ್ವೆ ರಶೀದಿ, ಹಳೆಯ ಅರ್ಜಿಗಳ ಪ್ರತಿ ಮುಂತಾದವು ಇದ್ದರೆ, ಅಟ್ಟ ಗುಡಿಸುವಾಗ ಅವುಗಳನ್ನು ಒಲೆಗೆ ಹಾಕಬೇಡಿರಿ. ಪ್ರತಿ ತಿಂಗಳ ಎರಡನೆಯ ಶನಿವಾರ ಮಧ್ಯಾಹ್ನದ ಮೇಲೆ ನಾವು ಶಾಲೆಯಲ್ಲಿಯೇ ಇರುತ್ತೇವೆ. ಓದಿಸಿಕೊಳ್ಳಬೇಕಾದ ಕಾಗದವಿದ್ದವರೂ, ಬರೆಯಿಸಿಕೊಳ್ಳಬೇಕಾದ ಅರ್ಜಿಯಿದ್ದವರೂ ಬರಬಹುದು. ಬಾಳೆಗೊನೆ ತರತಕ್ಕದ್ದಿಲ್ಲ, ತಂದರೆ ಹಿಂದಕ್ಕೆ ಕಳುಹಿಸುವ ಅಧಿಕಾರ ನಮ್ಮ ಮನೆಯಲ್ಲಿಯೂ ನಮ್ಮದಲ್ಲ. ಹಿಂದಿನ ಬೆಂಚಿನ ವಿದ್ಯಾರ್ಥಿಗಳಲ್ಲಿ ಅಕ್ಷರ ದುಂಡಾಗಿರುವ ಇಬ್ಬರು ನಮಗೆ ಬೇಕು. ಅಲ್ಲದೆ ಪತ್ತನಾಜೆಗೆ ಮುನ್ನ ಅಜ್ಜನ ಸುರಂಗದ ಹೂಳು ತೆಗೆಯಬೇಕಾಗಿದೆ. ಬಗ್ಗಿ ನಡೆಯಬಲ್ಲ ಹುಡುಗರು ಬಂದರೆ ಉಪಕಾರವಾದೀತು. ದೀಪವನ್ನು ನಾವು ತರುತ್ತೇವೆ.